ಮೊದಲು ಕಿರ್ದಿ, ಆಮೇಲೆ ಟೈಮ್‌ಟೇಬಲ್: ನಿಮ್ಮ ಕೆಲಸದ ರೀತಿ ಕಂಡುಕೊಳ್ಳಲು ಎರಡು ವಾರದ ಲೆಕ್ಕ

ಭಾನುವಾರ ರಾತ್ರಿ ಬಣ್ಣದ ಪೆನ್ನುಗಳಲ್ಲಿ ಬರೆದ ಟೈಮ್‌ಟೇಬಲ್ ಬುಧವಾರದ ಹೊತ್ತಿಗೆ ಗೋಡೆಯ ಮೇಲೆ ಮಾತ್ರ ಉಳಿದಿರುತ್ತದೆ. ಒಂದು ತಿಂಗಳು ಬಿಟ್ಟು ಮತ್ತೊಂದು. ತನಗೆ ಶಿಸ್ತಿಲ್ಲ ಎಂದು ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ, ಆದರೆ ಬಹಳ ಸಲ ತಪ್ಪಿರುವುದು ಕ್ರಮ. ಅಂಗಡಿಯ ಲೆಕ್ಕ ಬರೆಯುವವರು ಮೊದಲು ಕಿರ್ದಿ, ಅಂದರೆ ದಿನದಿನದ ವಹಿವಾಟಿನ ಪುಸ್ತಕ, ಬರೆಯುತ್ತಾರೆ, ಅದನ್ನು ಖಾತೆಗೆ ಏರಿಸುತ್ತಾರೆ, ಮುಂದಿನ ತಿಂಗಳ ಖರೀದಿಯ ಮಾತು ಆಮೇಲೆ. ಸಮಯದ ವಿಷಯಕ್ಕೆ ಬಂದಾಗ ಮಾತ್ರ ಕಿರ್ದಿಯೂ ಇಲ್ಲ, ಖಾತೆಯೂ ಇಲ್ಲ, ನೇರ ಬಜೆಟ್ಟು!

ಇಲ್ಲಿ ಹೇಳುವ ಕ್ರಮಕ್ಕೆ, ಅಂದರೆ ಹೊತ್ತು ಎಲ್ಲಿ ಹೋಯಿತು ಎಂಬುದರ ಕಿರ್ದಿ ಬರೆಯಲು, 14 ದಿನ ಬೇಕು. ದಿನಕ್ಕೆ ಒಟ್ಟು 10 ನಿಮಿಷ ಬರವಣಿಗೆ, 15ನೇ ದಿನ ಎರಡು ಗಂಟೆ ಕುಳಿತು ಲೆಕ್ಕ. ಆಫೀಸಿಗೆ ಹೋಗುವವರು, ಮನೆಯಿಂದಲೇ ಕೆಲಸ ಮಾಡುವವರು, ಅಂಗಡಿ ನಡೆಸುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಮನೆ ನೋಡಿಕೊಳ್ಳುವವರು, ಎಲ್ಲರಿಗೂ ಇದೇ ಕ್ರಮ. ಈ 14 ದಿನಗಳಲ್ಲಿ ದಿನಚರಿಯಲ್ಲಿ ಏನನ್ನೂ ಬದಲಿಸಬಾರದು. ಇದೊಂದೇ ಕಟ್ಟುನಿಟ್ಟಿನ ನಿಯಮ.

ಹಂತ 1: ಸಿದ್ಧತೆ

ಸಾಮಾನು: ಗೆರೆ ಹಾಕಿದ ಒಂದು ಲಾಂಗ್ ನೋಟ್‌ಬುಕ್, ಒಂದು ಪೆನ್, ಕೊನೆಯ ದಿನಕ್ಕೆ ಮೂರು ಬಣ್ಣದ ಪೆನ್ಸಿಲ್. ಮೊಬೈಲ್ ಆ್ಯಪ್ ಬೇಡ. ಆ್ಯಪ್ ತೆರೆಯಲು ಫೋನ್ ಕೈಗೆತ್ತಿಕೊಂಡವರು ವಾಟ್ಸ್‌ಆ್ಯಪ್ ನೋಡಿ ಕೆಳಗಿಡುತ್ತಾರೆ, ಬರೆಯುವುದು ಮರೆತಿರುತ್ತದೆ. ಎಕ್ಸೆಲ್‌ನಲ್ಲಿ ಬರೆಯಬಹುದು, ಆದರೆ ಇಡೀ ದಿನ ಕಂಪ್ಯೂಟರಿನ ಮುಂದೆಯೇ ಇರುವವರಿಗೆ ಮಾತ್ರ.

ಪ್ರತಿ ಪುಟಕ್ಕೆ ಐದು ಕಾಲಂ ಗೀಟು ಹಾಕಿ:

1. ಹೊತ್ತು (ಅರ್ಧ ಗಂಟೆಗೆ ಒಂದು ಸಾಲು)
2. ಮಾಡಿದ್ದು
3. ಶುರು ಮಾಡಿಸಿದ್ದು ಯಾರು: ನಾನೇ ಆದರೆ 'ನಾ', ಬೇರೆಯವರಾದರೆ 'ಬೇ', ಗಡಿಯಾರವಾದರೆ 'ಗ'
4. ಚುರುಕು, 1ರಿಂದ 5
5. ಅಂದಾಜು: ಈ ಕೆಲಸಕ್ಕೆ ಎಷ್ಟು ಹೊತ್ತು ಎಂದುಕೊಂಡಿದ್ದೆ

ದಿನವನ್ನು ಬೆಳಗಿನ ಜಾವ 4ಕ್ಕೆ ಶುರು ಮಾಡಿ ಮರುದಿನ 4ಕ್ಕೆ ಮುಗಿಸಿ. ಭಾರತ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯೂ 4ರಿಂದ 4ರವರೆಗೆ, ಅರ್ಧರ್ಧ ಗಂಟೆಯ ಲೆಕ್ಕದಲ್ಲೇ ಮಾಹಿತಿ ಕಲೆಹಾಕಿತ್ತು. ಮಧ್ಯರಾತ್ರಿಗೆ ಪುಟ ತಿರುಗಿಸಿದರೆ ರಾತ್ರಿ ಒಂದರವರೆಗೆ ಎದ್ದಿರುವವರ ರಾತ್ರಿ ಎರಡು ಪುಟಗಳಿಗೆ ಹರಿದುಹೋಗುತ್ತದೆ, ನಿದ್ದೆಯ ಲೆಕ್ಕ ತಪ್ಪುತ್ತದೆ. ಒಂದು ದಿನಕ್ಕೆ 48 ಸಾಲು ಎಂದು ಹೆದರಬೇಡಿ. ನಿದ್ದೆಯ ಸಾಲುಗಳಿಗೆಲ್ಲ ಸೇರಿ ಒಂದು ಉದ್ದ ಗೆರೆ ಸಾಕು.

ಗುರುವಾರ ಶುರು ಮಾಡಿ. ಮೊದಲ ಎರಡು ದಿನದ ಬರಹವನ್ನು ಕೊನೆಯಲ್ಲಿ ಬಿಟ್ಟುಬಿಡಲಿದ್ದೇವೆ. ಲೆಕ್ಕ ಬರೆಯುತ್ತಿದ್ದೇನೆ ಎಂಬ ಎಚ್ಚರ ಹೊಸದಾಗಿದ್ದಾಗ ಎಲ್ಲರೂ ಸ್ವಲ್ಪ ಒಳ್ಳೆಯವರಾಗಿರುತ್ತಾರೆ. ಉಳಿದ 12 ದಿನಗಳಲ್ಲಿ ಎರಡು ಶನಿವಾರ, ಎರಡು ಭಾನುವಾರ, ಎಂಟು ವಾರದ ದಿನ ಸಿಗುತ್ತವೆ.

ಗೌರಿ-ಗಣೇಶ, ದಸರಾ, ಮನೆಯ ಮದುವೆ ಬರುವ ವಾರಗಳನ್ನು ಬಿಡಿ. ಆದರೆ ತಿಂಗಳು ತಿಂಗಳೂ ಬರುವ ಗಡುವನ್ನು ಬಿಡಬೇಡಿ, ಅದು ನಿಮ್ಮ ಮಾಮೂಲಿ ಬದುಕೇ. ಜಿಎಸ್‌ಟಿ ಕೆಲಸ ಮಾಡುವ ಲೆಕ್ಕಿಗರಿಗೆ ತಿಂಗಳ ರಿಟರ್ನಿನ ಎರಡು ಗಡುವುಗಳಿವೆ: ಜಿಎಸ್‌ಟಿಆರ್-1ಕ್ಕೆ (ಮಾರಾಟದ ವಿವರ) 11ನೇ ತಾರೀಖು, 3ಬಿಗೆ (ತೆರಿಗೆಯ ಒಟ್ಟು ಲೆಕ್ಕ) 20ನೇ ತಾರೀಖು. ಇಂಥವರು 9-10ನೇ ತಾರೀಖಿನ ಆಸುಪಾಸಿನ ಗುರುವಾರ ಶುರು ಮಾಡಿದರೆ 20ನೆಯ ತಾರೀಖು ಕಿರ್ದಿಯ ಒಳಗೇ ಬೀಳುತ್ತದೆ.

ಹಂತ 2: ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ.

ದಿನಕ್ಕೆ ನಾಲ್ಕು ಸಲ ಬರೆಯಿರಿ: ತಿಂಡಿಯ ನಂತರ, ಮಧ್ಯಾಹ್ನ ಊಟಕ್ಕೆ ಮೊದಲು, ಸಂಜೆ ಕಾಫಿಯ ಹೊತ್ತಿಗೆ, ಮಲಗುವ ಮುನ್ನ. ರಾತ್ರಿ ಒಂದೇ ಸಲ ಕುಳಿತು ಇಡೀ ದಿನವನ್ನು ತುಂಬುವುದು ಅತಿ ಸಾಮಾನ್ಯ ತಪ್ಪು. ಆಗ ಪುಟದಲ್ಲಿ ಬರುವುದು ನಡೆದದ್ದಲ್ಲ, ನಡೆಯಬೇಕಿತ್ತು ಎಂದು ನೀವು ಅಂದುಕೊಂಡದ್ದು. ಹನ್ನೊಂದರಿಂದ ಹನ್ನೊಂದೂವರೆ ಎಲ್ಲಿ ಹೋಯಿತೋ ನೆನಪಿಲ್ಲವೆಂದರೆ ಆ ಸಾಲಿನಲ್ಲಿ '?' ಹಾಕಿ ಮುಂದೆ ಹೋಗಿ. ದಿನಕ್ಕೆ ಎರಡು ಮೂರು '?' ಇರುವ ಪುಟ ನಂಬಿಕೆಗೆ ಅರ್ಹ. 14 ದಿನದಲ್ಲಿ ಒಂದೂ '?' ಇಲ್ಲದ ಪುಸ್ತಕ ಕಲ್ಪಿಸಿ ಬರೆದದ್ದು.

ಎರಡನೇ ಕಾಲಮಿನಲ್ಲಿ ಕೆಲಸದ ಜಾತಿಯನ್ನಲ್ಲ, ಕೆಲಸವನ್ನೇ ಬರೆಯಿರಿ. 'ಓದು' ಎಂದರೆ ಏನೂ ತಿಳಿಯುವುದಿಲ್ಲ. 'ಭಾರತದ ಸಂವಿಧಾನ, ಮೂಲಭೂತ ಹಕ್ಕುಗಳು, ನೋಟ್ಸ್' ಎಂದರೆ ತಿಳಿಯುತ್ತದೆ. 'ಮನೆಕೆಲಸ' ಎನ್ನುವುದು ಇದಕ್ಕಿಂತ ದೊಡ್ಡ ಮೋಸ. ಹಾಲು ಕಾಯಿಸಿದ್ದು, ಡಬ್ಬಿ ಕಟ್ಟಿದ್ದು, ನೀರು ಬಿಟ್ಟಾಗ ಸಂಪು ತುಂಬಿಸಿದ್ದು, ಗ್ಯಾಸ್ ಬುಕ್ ಮಾಡಿದ್ದು, ಅತ್ತೆಯ ಮಾತ್ರೆ ತಂದದ್ದು, ಇವೆಲ್ಲ ಬೇರೆ ಬೇರೆ. ಒಂದೇ ಪದದ ಕೆಳಗೆ ಇವನ್ನು ಹೂತುಹಾಕಿದ ಹೆಂಗಸರು ಕೊನೆಯಲ್ಲಿ 'ಇಡೀ ದಿನ ಏನು ಮಾಡಿದೆನೋ' ಎಂದು ಕೇಳಿಕೊಳ್ಳುತ್ತಾರೆ. ಉತ್ತರ ಆ ಪದದ ಅಡಿಯಲ್ಲೇ ಇರುತ್ತದೆ.

ಅರ್ಧ ಗಂಟೆಯಲ್ಲಿ ಎರಡು ಕೆಲಸ ನಡೆದಿದ್ದರೆ ಹೆಚ್ಚು ಹೊತ್ತು ಹಿಡಿದದ್ದನ್ನು ಬರೆಯಿರಿ. ಎರಡೂ ಒಟ್ಟಿಗೇ ನಡೆದಿದ್ದರೆ, ಅಂದರೆ ಒಲೆಯ ಮೇಲೆ ಸಾರು, ಕಿವಿಯಲ್ಲಿ ಮೀಟಿಂಗ್, ಮಧ್ಯೆ '+' ಹಾಕಿ ಎರಡನ್ನೂ ಬರೆಯಿರಿ. ಮಧ್ಯೆ ಅಡ್ಡಿ ಬಂದರೆ ಎಷ್ಟು ಸಲ ಎಂದು ಸಣ್ಣ ಗೀಟು ಎಳೆಯಿರಿ.

ಮೂರನೇ ಕಾಲಂ ಕ್ಷುಲ್ಲಕ ಎನಿಸಿ ಹಲವರು ಬಿಟ್ಟುಬಿಡುತ್ತಾರೆ. ಪುಸ್ತಕದಲ್ಲಿ ಅತ್ಯಂತ ಬೆಲೆಯುಳ್ಳ ಕಾಲಂ ಅದೇ. ಮೇಲಧಿಕಾರಿಯ ಫೋನ್, ಗಿರಾಕಿ, ಮಗುವಿನ ಅಳು 'ಬೇ'. ಶಾಲೆಯ ವ್ಯಾನು, ಕಾರ್ಪೊರೇಷನ್ ನೀರು, ಹತ್ತು ಗಂಟೆಯ ಮೀಟಿಂಗ್, ಕಚೇರಿಯ ಬಸ್ಸು 'ಗ'. ನೀವಾಗಿಯೇ ಎತ್ತಿಕೊಂಡದ್ದು, ಫೋನ್ ಉಜ್ಜುತ್ತ ಕುಳಿತದ್ದೂ ಸೇರಿದಂತೆ, 'ನಾ'. ಯಾರೂ ಕರೆಯದೆಯೇ ಫೋನ್ ತೆಗೆದು ಅದನ್ನು 'ಬೇ' ಎಂದು ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಬರೆಯಬೇಡಿ.

ಚುರುಕಿಗೆ ಅಂಕ ಕೊಡುವಾಗ ಮನಸ್ಸು ಹೇಗಿದೆ ಎಂದು ಕೇಳಿಕೊಳ್ಳಬೇಡಿ, ಕೆಲಸ ಹೇಗೆ ಸಾಗುತ್ತಿದೆ ಎಂದು ನೋಡಿ. ಒಂದೇ ಸಾಲನ್ನು ಮೂರು ಸಲ ಓದಬೇಕಾದರೆ 1. ರೂಢಿಯ ಕೆಲಸ ಆಗುತ್ತದೆ, ಹೊಸದು ತಲೆಗೆ ಹತ್ತುವುದಿಲ್ಲ ಎಂದರೆ 3. ಕಷ್ಟದ ಕೆಲಸವೂ ಸಲೀಸಾಗಿ ಸಾಗುತ್ತಿದ್ದರೆ 5. ಕಾಫಿ, ಟೀ ಕುಡಿದ ಸಾಲಿನ ಪಕ್ಕದಲ್ಲಿ 'ಕಾ' ಎಂದು ಗುರುತಿಸಿ, ಏಕೆಂದು ಮುಂದೆ ಗೊತ್ತಾಗುತ್ತದೆ.

ಐದನೇ ಕಾಲಮಿನ ಅಂದಾಜನ್ನು ಕೆಲಸ ಶುರು ಮಾಡುವ ಮೊದಲೇ ಬರೆಯಬೇಕು, ಮುಗಿದ ಮೇಲಲ್ಲ. ಎಲ್ಲ ಕೆಲಸಕ್ಕೂ ಬೇಕಿಲ್ಲ; ದಿನಕ್ಕೆ ಎರಡು ಸಾಕು.

ಒಂದು ಮುಂಜಾನೆ ಪುಟದಲ್ಲಿ ಹೀಗೆ ಕಾಣಬೇಕು:

9.30 | ಖರೀದಿ ಬಿಲ್ಲು ತಾಳೆ ನೋಡಿದ್ದು | ನಾ | 4 | 1 ಗಂಟೆ
10.00 | ಅದೇ, ಅಡ್ಡಿ 2 | ನಾ | 4 |
10.30 | ಗಿರಾಕಿಯ ಫೋನ್, ಹಳೆಯ ಇನ್‌ವಾಯ್ಸ್ ಹುಡುಕಿದ್ದು | ಬೇ | 3 |
11.00 | ಕಾ, ? | ನಾ | 3 |
11.30 | ಮತ್ತೆ ಬಿಲ್ಲು ತಾಳೆ, ಮುಗಿಯಿತು | ನಾ | 4 |

ಒಂದು ಗಂಟೆ ಎಂದುಕೊಂಡದ್ದು ಮುಗಿದದ್ದು ಮೂರು ಸಾಲಿನಲ್ಲಿ, ಒಂದೂವರೆ ಗಂಟೆಗೆ. ಶುರುವಿನಿಂದ ಕೊನೆಯವರೆಗೆ ಗಡಿಯಾರ ಎರಡೂವರೆ ಗಂಟೆ ಓಡಿದೆ. ಈ ಎರಡು ಬೇರೆ ಸಂಖ್ಯೆಗಳು, ಮುಂದಿನ ಹಂತದ ಗುಣಕಕ್ಕೆ ಬೇಕಾಗುವುದು ಮೊದಲನೆಯದು.

ಹಂತ 3: ಖಾತೆಗೆ ಏರಿಸುವುದು

15ನೇ ದಿನ, ಎರಡು ಗಂಟೆ. ಮೊದಲು 'ನಾ', 'ಬೇ', 'ಗ' ಸಾಲುಗಳಿಗೆ ಮೂರು ಬಣ್ಣ ಬಳಿಯಿರಿ. ಪುಟಗಳನ್ನು ಪಕ್ಕಪಕ್ಕದಲ್ಲಿ ಹರಡಿ ಐದು ನಿಮಿಷ ಸುಮ್ಮನೆ ನೋಡಿ. ಯಾವ ಬಣ್ಣ ಎಲ್ಲಿ ಗುಂಪುಗಟ್ಟಿದೆ ಎಂಬುದು ಎಣಿಸುವ ಮೊದಲೇ ಕಾಣುತ್ತದೆ. ಆಮೇಲೆ ಈ ನಾಲ್ಕು ಲೆಕ್ಕ.

*ಚುರುಕಿನ ಹೊತ್ತು.* ಕೆಲಸದ ಎಂಟು ದಿನಗಳನ್ನು (ಶನಿವಾರವೂ ಕೆಲಸವಿದ್ದರೆ ಹತ್ತನ್ನು) ತೆಗೆದುಕೊಂಡು ಪ್ರತಿ ಅರ್ಧ ಗಂಟೆಯ ಸರಾಸರಿ ಹಾಕಿ. 10 ಗಂಟೆಯ ಸಾಲಿನಲ್ಲಿ 4, 4, 3, 5, 4, 3, 4, 4 ಇದ್ದರೆ ಒಟ್ಟು 31, ಸರಾಸರಿ ಸುಮಾರು 3.9. ಅತಿ ಹೆಚ್ಚಿನ ನಾಲ್ಕು ಸಾಲು, ಅತಿ ಕಡಿಮೆಯ ನಾಲ್ಕು ಸಾಲು ಗುರುತಿಸಿ. ನಡುವಿನದ್ದು ಬೇಡ.

*ತುಂಡಾಗದ ಓಟ.* ಒಂದೇ ಕೆಲಸ ಎಷ್ಟು ಸಾಲು ಸತತವಾಗಿ ನಡೆಯಿತು ಎಂದು ಎಣಿಸಿ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ. ನಟ್ಟನಡುವಿನ ಸಂಖ್ಯೆಯೇ ನಿಮ್ಮ ಓಟ. ಪ್ರತಿ ಓಟದ ಕೊನೆಯಲ್ಲಿ ಅದನ್ನು ಮುರಿದದ್ದು ಯಾವ ಬಣ್ಣ ಎಂದೂ ಬರೆದುಕೊಳ್ಳಿ.

*ಯಾರ ಕೈಯ ಹೊತ್ತು.* ಎಚ್ಚರವಿದ್ದ ಸಾಲುಗಳಲ್ಲಿ 'ನಾ' ಎಷ್ಟು, 'ಬೇ' ಎಷ್ಟು, 'ಗ' ಎಷ್ಟು ಎಂದು ಶೇಕಡಾವಾರು ಲೆಕ್ಕ ಹಾಕಿ.

*ಅಂದಾಜಿನ ಗುಣಕ.* ನಿಜವಾಗಿ ಹಿಡಿದ ಹೊತ್ತನ್ನು ಅಂದಾಜಿನಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ 1.5. ಇಲ್ಲೂ ಸರಾಸರಿ ಬೇಡ, ನಡುವಿನ ಸಂಖ್ಯೆ ತೆಗೆದುಕೊಳ್ಳಿ. ಏಳು ಕೆಲಸಗಳ ಗುಣಕ 0.8, 1.1, 1.5, 1.6, 1.8, 2.5, 4 ಎಂದಿಟ್ಟುಕೊಂಡರೆ ನಡುವಿನದು 1.6, ಸರಾಸರಿ 1.9. ದಾರಿ ತಪ್ಪಿದ ಒಂದೇ ಒಂದು ಕೆಲಸ ಸರಾಸರಿಯನ್ನು ಎಳೆದುಬಿಡುತ್ತದೆ.

ನಿಮ್ಮ ಗುಣಕ 1.5 ದಾಟಿದರೆ ನಾಚಿಕೊಳ್ಳಬೇಕಿಲ್ಲ. 1994ರಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 33.9 ದಿನ ಸಾಕು ಎಂದಿದ್ದರು, ಹಿಡಿದದ್ದು 55.5 ದಿನ. ಎಲ್ಲವೂ ಕೆಟ್ಟು ಹೋದರೆ ಎಷ್ಟು ಎಂದು ಕೇಳಿದಾಗ ಹೇಳಿದ್ದು 48.6. ಅಂದರೆ 'ಹೆಚ್ಚುಕಡಿಮೆ ಆದರೆ' ಎಂದು ಸೇರಿಸಿಟ್ಟ ದಿನಗಳೂ ಸಾಲಲಿಲ್ಲ. ಇನ್ನಷ್ಟು ಜಾಗ್ರತೆಯಿಂದ ಊಹಿಸುತ್ತೇನೆ ಎಂಬ ನಿರ್ಧಾರದಿಂದ ಇದು ಸರಿಹೋಗುವುದಿಲ್ಲ, ಗುಣಿಸಿದರೆ ಸರಿಹೋಗುತ್ತದೆ.

ಹಂತ 4: ಸಂಖ್ಯೆಗಳನ್ನು ಓದುವುದು

ಹತ್ತು ಪ್ರಶ್ನೆ ಕೇಳಿ 'ನೀವು ಸಿಂಹ, ನೀವು ಗೂಬೆ' ಎನ್ನುವ ಪರೀಕ್ಷೆಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಅವುಗಳ ತೊಂದರೆ ಎಂದರೆ ನಿಮ್ಮ ಸ್ವಭಾವವನ್ನೂ ನಿಮ್ಮ ಪರಿಸ್ಥಿತಿಯನ್ನೂ ಬೇರೆ ಮಾಡುವುದಿಲ್ಲ. ಕಿರ್ದಿ ಮಾಡುತ್ತದೆ.

ಬೆಳಗಿನವರೋ, ರಾತ್ರಿಯವರೋ? ಅಲಾರಂ ಇಲ್ಲದೆ ಎದ್ದ ರಜಾದಿನಗಳ ನಿದ್ದೆಯ ನಡುಬಿಂದು ತೆಗೆಯಿರಿ. 11ಕ್ಕೆ ನಿದ್ದೆ, 7ಕ್ಕೆ ಎಚ್ಚರ ಎಂದರೆ ನಡುಬಿಂದು 3 ಗಂಟೆ. ಒಂದೂವರೆಗೆ ನಿದ್ದೆ, ಒಂಬತ್ತೂವರೆಗೆ ಎಚ್ಚರ ಎಂದರೆ ಐದೂವರೆ. ಈಗ ಕೆಲಸದ ದಿನಗಳ ನಡುಬಿಂದುವನ್ನೂ ತೆಗೆದು ವ್ಯತ್ಯಾಸ ನೋಡಿ. ಎರಡು ಗಂಟೆಗಿಂತ ಹೆಚ್ಚಿದ್ದರೆ ನಿಮ್ಮ ಬೆಳಗಿನ 2 ಅಂಕವನ್ನು ಸ್ವಭಾವ ಎಂದು ಓದಬೇಡಿ. ಅದು ನಿದ್ದೆಯ ಸಾಲ. ಮೊದಲು ನಿದ್ದೆ ಸರಿಮಾಡಿಕೊಂಡು ಚುರುಕಿನ ಕಾಲಮನ್ನು ಮತ್ತೊಂದು ವಾರ ಬರೆಯಿರಿ.

ಪ್ರಶ್ನಾವಳಿಯೇ ಬೇಕೆನ್ನುವವರಿಗೆ ಹೋರ್ನ್ ಮತ್ತು ಓಸ್ಟ್‌ಬರ್ಗ್ 1976ರಲ್ಲಿ ರೂಪಿಸಿದ 19 ಪ್ರಶ್ನೆಗಳದ್ದು ಒಳ್ಳೆಯದು. ಒಟ್ಟು ಅಂಕ 59 ಮತ್ತು ಮೇಲೆ ಬಂದರೆ ಬೆಳಗಿನವರು, 41 ಮತ್ತು ಕೆಳಗೆ ಸಂಜೆಯವರು, ನಡುವಿನವರು ನಡುವಿನವರೇ. ಬಹುಪಾಲು ಜನ ಆ ನಡುವಿನ ಗುಂಪಿನಲ್ಲೇ ಬೀಳುತ್ತಾರೆ, ಆದ್ದರಿಂದ ಬ್ರಾಹ್ಮೀ ಮುಹೂರ್ತದಲ್ಲಿ ಏಳದಿದ್ದರೆ ಏನೂ ಸಾಧಿಸಲಾಗದು ಎಂಬ ಮಾತನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಬೇಡಿ.

ಇನ್ನು 'ಕಾ' ಗುರುತು. ಚುರುಕಿನ ಏರು ಪ್ರತಿ ಸಲವೂ 'ಕಾ' ಆದ ಅರ್ಧ ಗಂಟೆಗೇ ಬರುತ್ತಿದ್ದರೆ ಅದು ನಿಮ್ಮ ಹೊತ್ತಲ್ಲ, ಫಿಲ್ಟರ್ ಕಾಫಿಯ ಹೊತ್ತು. ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ, ನಿದ್ದೆ ತಡವಾಗುತ್ತದೆ, 'ನಾನು ರಾತ್ರಿಯವನು' ಎಂಬ ತೀರ್ಮಾನ ಹುಟ್ಟುತ್ತದೆ.

ಒಂದನ್ನೇ ಹಿಡಿಯುವವರೋ, ಹಲವನ್ನು ತೂಗಿಸುವವರೋ? ಓಟ ಒಂದು ಸಾಲಿನದ್ದೇ ಎಂದ ತಕ್ಷಣ 'ನನಗೆ ಏಕಾಗ್ರತೆ ಇಲ್ಲ' ಎನ್ನಬೇಡಿ. ಮುರಿದ ಬಣ್ಣ ನೋಡಿ. 'ಬೇ' ಮುರಿದದ್ದಾದರೆ ಅದು ಕುಳಿತ ಜಾಗದ ಗುಣ. 'ನಾ' ಮುರಿದದ್ದಾದರೆ ಫೋನಿನ ಲೆಕ್ಕದೊಂದಿಗೆ ತಾಳೆ ನೋಡಿ: ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್. ಒಟ್ಟು ಎಷ್ಟು ಗಂಟೆ ಎನ್ನುವುದಕ್ಕಿಂತ ಎಷ್ಟು ಸಲ ಫೋನ್ ತೆರೆದಿರಿ ಎನ್ನುವ ಸಂಖ್ಯೆ ಹೆಚ್ಚು ಹೇಳುತ್ತದೆ. ಫೋನೂ ಅಲ್ಲ, ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೇ ನೀವಾಗಿ ಜಿಗಿಯುತ್ತಿದ್ದೀರಿ, ಚುರುಕು 4ರಲ್ಲೇ ಇದೆ, ಎರಡೂ ಮುಗಿಯುತ್ತಿವೆ ಎಂದರೆ ಅದೇ ನಿಮ್ಮ ರೀತಿ. ತಿದ್ದುವ ಅಗತ್ಯವಿಲ್ಲ.

ಗಡುವಿನ ಮುಂದೆ ಹೇಗೆ? ಗಡುವಿದ್ದ ಒಂದು ಕೆಲಸದ ಸಾಲುಗಳನ್ನು ದಿನವಾರು ಎಣಿಸಿ. ಕೊನೆಯ ಎರಡು ದಿನದಲ್ಲೇ ಗುಡ್ಡೆಯಾಗಿದ್ದರೆ ಕಾರಣ ಎರಡರಲ್ಲಿ ಒಂದು. ಶುರು ಮಾಡಲು ಬೇಕಾದದ್ದೆಲ್ಲ ಕೈಯಲ್ಲಿತ್ತು, ನೀವು ಮುಟ್ಟಲಿಲ್ಲ. ಅಥವಾ ವ್ಯಾಪಾರಿ ಬಿಲ್ಲಿನ ಕಟ್ಟನ್ನು ತಂದುಕೊಟ್ಟದ್ದೇ 18ನೇ ತಾರೀಖು ಸಂಜೆ. ಎರಡನೆಯದಕ್ಕೆ ನಿಮ್ಮ ಅಲಾರಂ ಏನೂ ಮಾಡಲಾರದು. ಬಿಲ್ಲು ಕೇಳುವ ಫೋನ್ 8ನೇ ತಾರೀಖಿಗೇ ಹೋಗಬೇಕು.

ಹಂತ 5: ಒಂದೇ ಒಂದು ಬದಲಾವಣೆ

ಲೆಕ್ಕ ಮುಗಿದ ಉತ್ಸಾಹದಲ್ಲಿ ಐದು ಬದಲಾವಣೆಗಳನ್ನು ಒಟ್ಟಿಗೆ ಶುರು ಮಾಡುವುದು ಮತ್ತೆ ಹಳೆಯ ಟೈಮ್‌ಟೇಬಲ್ಲೇ. ಕೆಳಗಿನವುಗಳಲ್ಲಿ ನಿಮ್ಮ ಸಂಖ್ಯೆಗೆ ಹೊಂದುವ ಒಂದನ್ನು ಆರಿಸಿ, ಎರಡು ವಾರ ನಡೆಸಿ.

- ಗುಣಕ 1.3ಕ್ಕಿಂತ ಹೆಚ್ಚಿದ್ದರೆ ಇಲ್ಲಿಂದಲೇ ಶುರು ಮಾಡಿ. ಎರಡು ಗಂಟೆ ಎನಿಸಿದ ಕೆಲಸಕ್ಕೆ ಗುಣಕ 1.6 ಇದ್ದರೆ ಮೂರು ಗಂಟೆ ಹನ್ನೆರಡು ನಿಮಿಷ ಇಡಿ. ದಿನಕ್ಕೆ ಹಿಡಿಸುವ ಕೆಲಸ ಆರರಿಂದ ನಾಲ್ಕಕ್ಕೆ ಇಳಿಯುತ್ತದೆ. ಆ ನಾಲ್ಕು ಮುಗಿಯುತ್ತವೆ.
- ಚುರುಕಿನ ನಾಲ್ಕು ಸಾಲು ಅಕ್ಕಪಕ್ಕ ಇದ್ದರೆ ಅದರಲ್ಲಿ ಮೂರನ್ನು, ಅಂದರೆ 90 ನಿಮಿಷವನ್ನು, ಅತಿ ಕಷ್ಟದ ಕೆಲಸಕ್ಕೆ ಕಟ್ಟಿಡಿ. ವಾರಕ್ಕೆ ನಾಲ್ಕು ದಿನ ಸಾಕು. ಆರೂ ದಿನ ಎಂದರೆ ಮೊದಲ ತಪ್ಪಿನಲ್ಲೇ ಬಿಟ್ಟುಬಿಡುತ್ತೀರಿ. ಕಡಿಮೆ ಅಂಕದ ಸಾಲುಗಳಿಗೆ ಫೈಲ್ ಜೋಡಣೆ, ಬಿಲ್ ಪಾವತಿ, ಫೋನ್.
- ಓಟ 30 ನಿಮಿಷವಾದರೆ 30 ನಿಮಿಷ ಕೆಲಸ, 10 ಬಿಡುವು. 25 ನಿಮಿಷಕ್ಕೊಮ್ಮೆ ಗಂಟೆ ಬಾರಿಸುವ ಪೊಮೊಡೊರೊ ಇಂಥವರಿಗೆ ಒಗ್ಗುತ್ತದೆ. ಓಟ 90 ನಿಮಿಷ ಇರುವವರಿಗೆ ಅದೇ ಗಂಟೆ ಹೊಸದೊಂದು ಅಡ್ಡಿ, ಇದನ್ನು ಯಾರೂ ಹೇಳುವುದಿಲ್ಲ.
- ಅಡ್ಡಿಗಳು ತಪ್ಪುವುದಿಲ್ಲವೆಂದಾದರೆ ಪಕ್ಕದಲ್ಲಿ ಚೀಟಿ ಇಟ್ಟುಕೊಳ್ಳಿ. ಎದ್ದು ಹೋಗುವ ಮುನ್ನ ಮುಂದೆ ಏನು ಮಾಡಬೇಕಿತ್ತು ಎಂದು ಒಂದು ಸಾಲು: '43ನೇ ಬಿಲ್ಲಿನಿಂದ, ತೆರಿಗೆ ದರ ನೋಡು'. ಮರಳಿ ಬಂದಾಗ ಎಲ್ಲಿದ್ದೆ ಎಂದು ಹುಡುಕುವ ಹೊತ್ತು ಉಳಿಯುತ್ತದೆ.
- 'ಬೇ' ಮತ್ತು 'ಗ' ಸೇರಿ 70 ಶೇಕಡಾ ದಾಟಿದರೆ (ಅಂಗಡಿಯವರು, ಚಿಕ್ಕ ಮಕ್ಕಳ ತಾಯಂದಿರು ಬಹುತೇಕ ಇಲ್ಲೇ) ಗಂಟೆವಾರು ಟೈಮ್‌ಟೇಬಲ್ ಬರೆಯಲೇಬೇಡಿ. 15 ನಿಮಿಷದಲ್ಲಿ ಮುಗಿಯುವ ಕೆಲಸಗಳ ಪಟ್ಟಿ ಮಾಡಿ, ಬಿಡುವು ಸಿಕ್ಕಾಗ ಮೇಲಿನಿಂದ ಒಂದು ಎತ್ತಿಕೊಳ್ಳಿ.
- ಕೊನೆಗೆ ಗುಡ್ಡೆ ಮಾಡುವವರು ತಮಗೆ ತಾವೇ ಹುಸಿ ಗಡುವು ಹಾಕಿಕೊಂಡರೆ ನಡೆಯುವುದಿಲ್ಲ, ಅದು ಹುಸಿ ಎಂದು ಅವರಿಗೆ ಗೊತ್ತಿರುತ್ತದೆ. ಅರ್ಧ ಕೆಲಸವನ್ನು ಇಂಥ ದಿನ ತೋರಿಸುತ್ತೇನೆಂದು ಇನ್ನೊಬ್ಬರಿಗೆ ಒಪ್ಪಿಕೊಳ್ಳಿ, ಅವರು ನಿಜಕ್ಕೂ ಕಾಯುವವರಾಗಿರಬೇಕು.

ಎಚ್ಚರಿಕೆಯ ಗುರುತುಗಳು

ಬರೆಯಲು ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿದ್ದರೆ ವಿವರ ಹೆಚ್ಚಾಗಿದೆ, ಸಾಲಿಗೆ ಐದು ಪದದ ಮಿತಿ ಹಾಕಿಕೊಳ್ಳಿ. ಚುರುಕಿನ ಕಾಲಂ ತುಂಬ ಬರೀ 3 ಇದ್ದರೆ ನೀವು ನೋಡದೆ ಬರೆಯುತ್ತಿದ್ದೀರಿ. ಎರಡು ದಿನ ಬರೆಯುವುದು ತಪ್ಪಿದರೆ ನೆನಪಿನಿಂದ ತುಂಬದೆ ಖಾಲಿ ಬಿಟ್ಟು, ಕೊನೆಗೆ ಅದೇ ವಾರಗಳ ಎರಡು ದಿನಗಳನ್ನು (ಸೋಮವಾರ ತಪ್ಪಿದ್ದರೆ ಮುಂದಿನ ಸೋಮವಾರವನ್ನು) ಸೇರಿಸಿ.

ಪುಸ್ತಕವನ್ನು ಮೇಲಧಿಕಾರಿಗೆ, ಮನೆಯವರಿಗೆ ತೋರಿಸುತ್ತೇನೆಂದು ಶುರು ಮಾಡಬೇಡಿ. ಇನ್ನೊಬ್ಬರು ಓದುತ್ತಾರೆ ಎಂದಾದ ಕೂಡಲೇ 'ನಾ' ಸಾಲುಗಳು ಸುಳ್ಳು ಹೇಳತೊಡಗುತ್ತವೆ. ತೋರಿಸಲೇಬೇಕೆಂದರೆ ನಾಲ್ಕು ಸಂಖ್ಯೆಗಳನ್ನಷ್ಟೇ ತೋರಿಸಿ.

ರಾತ್ರಿ ಏಳು ಗಂಟೆಗೂ ಹೆಚ್ಚು ನಿದ್ದೆ ಇದ್ದು, ಎರಡು ವಾರವೂ ಚುರುಕು ದಿನವಿಡೀ 1-2ರಲ್ಲೇ ಇದ್ದರೆ ಟೈಮ್‌ಟೇಬಲ್ ಬದಿಗಿಟ್ಟು ವೈದ್ಯರನ್ನು ಕಾಣಿ. ರಕ್ತಹೀನತೆ, ಥೈರಾಯ್ಡ್ ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ಸಮಸ್ಯೆ, ಖಿನ್ನತೆ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಕಿರ್ದಿ ಪುಸ್ತಕವನ್ನೂ ಜೊತೆಗೆ ಒಯ್ಯಿರಿ, ಯಾವಾಗಿನಿಂದ, ಯಾವ ಹೊತ್ತಿನಲ್ಲಿ ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿದೆ.

ಮತ್ತೆ ಯಾವಾಗ?

ಕೆಲಸ, ಪಾಳಿ, ಮನೆ ಬದಲಾದಾಗ, ಮಗು ಹುಟ್ಟಿದಾಗ ಇಡೀ 14 ದಿನ ಮತ್ತೆ ಬರೆಯಬೇಕು, ಹಳೆಯ ಸಂಖ್ಯೆಗಳು ನಡೆಯುವುದಿಲ್ಲ. ಬದಲಾವಣೆ ಏನೂ ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಮೂರು ದಿನ, ಮೊದಲ ಮೂರು ಕಾಲಂ ಮಾತ್ರ. ಪಾಳಿಯಲ್ಲಿ ದುಡಿಯುವವರು ಪ್ರತಿ ಪಾಳಿಗೂ ಬೇರೆ ಪುಟಗಳನ್ನು ಇಟ್ಟುಕೊಳ್ಳಲಿ. ರಾತ್ರಿ ಪಾಳಿಯ 3 ಗಂಟೆಯ ಅಂಕವನ್ನೂ ಹಗಲು ಪಾಳಿಯ 3 ಗಂಟೆಯ ಅಂಕವನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ ಸಂಖ್ಯೆಗೆ ಅರ್ಥವಿಲ್ಲ.